ಮೊಸರಿಗೆ ಹೆಪ್ಪು, ಕಂಪೈಲರಿಗೆ ಕಂಪೈಲರು

ಗಣಕ ಭಾಷೆಗಳ ಬಗ್ಗೆ ಮಾತು ಬಂದಾಗ ವಿದ್ಯಾರ್ಥಿಗಳು ಈಚೆಗೆ ಒಂದು ಪ್ರಶ್ನೆಯನ್ನು ತಪ್ಪದೆ ಕೇಳುತ್ತಾರೆ: "ಸರ್, ಆ ಭಾಷೆಯ ಕಂಪೈಲರನ್ನು ಅದೇ ಭಾಷೆಯಲ್ಲಿ ಬರೆದಿದ್ದಾರೆಯೆ?" ಹೌದು ಎಂದರೆ ಅವರ ಕಣ್ಣಿನಲ್ಲಿ ಆ ಭಾಷೆಯ ಬೆಲೆ ಒಂದು ಮೆಟ್ಟಿಲು ಏರುತ್ತದೆ. ಇಲ್ಲ ಎಂದರೆ, ತನ್ನ ಗಂಜಿಯನ್ನು ತಾನು ಬೇಯಿಸಿಕೊಳ್ಳಲಾರದವನನ್ನು ನೋಡುವಂತೆ ನೋಡುತ್ತಾರೆ. ಕನ್ನಡದಲ್ಲೇ ಪ್ರೋಗ್ರಾಮ್ ಬರೆಯಬಲ್ಲ ಭಾಷೆಯೊಂದು ಬೇಕು ಎಂದು ಬಯಸುವ ಉತ್ಸಾಹಿಗಳೂ ಇದೇ ಅಳತೆಗೋಲನ್ನು ಹಿಡಿದಿರುವುದನ್ನು ಕಂಡಿದ್ದೇನೆ. ಅವರ ಪ್ರಕಾರ ಕೀಲಿಪದಗಳು ಕನ್ನಡವಾದರೆ ಸಾಲದು. ಕಂಪೈಲರ್, ಸಂಪಾದಕ ತಂತ್ರಾಂಶ, ದೋಷ ಹುಡುಕುವ ಸಲಕರಣೆ ಎಲ್ಲವೂ ಆ ಭಾಷೆಯಲ್ಲೇ ಆಗಬೇಕು. ಇಲ್ಲವಾದರೆ ಅದು ಬೇರೆಯವರ ಜಗಲಿಯಲ್ಲಿ ಹಾಕಿದ ಅಂಗಡಿ.

ಈ ಅಳತೆಗೋಲು ಎಷ್ಟು ನೆಟ್ಟಗಿದೆ ಎಂದು ಪರೀಕ್ಷಿಸುವುದು ಈ ಲೇಖನದ ಉದ್ದೇಶ. ಶಿಕ್ಷಕರಿಗೆ ಇದು ಬರಿಯ ತರ್ಕದ ಆಟವಾಗಿ ಕಾಣಬಾರದು. ಕನ್ನಡ ಮಾಧ್ಯಮದ ಮಕ್ಕಳಿಗೆ ಗಣಕವನ್ನು ಕಲಿಸುವ ಕೆಲಸಕ್ಕೆ ನಮ್ಮಲ್ಲಿರುವ ಕೈಗಳು ಬೆರಳೆಣಿಕೆಯಷ್ಟು. ಆ ಕೈಗಳು ಎಲ್ಲಿ ದುಡಿಯಬೇಕು ಎಂಬುದು ಈ ಪ್ರಶ್ನೆಗೆ ನಾವು ಕೊಡುವ ಉತ್ತರವನ್ನು ಅವಲಂಬಿಸಿದೆ.

ಮೊದಲು ವಿಷಯವನ್ನು ಸ್ಪಷ್ಟಪಡಿಸಿಕೊಳ್ಳೋಣ. ನಾವು ಬರೆದ ಪ್ರೋಗ್ರಾಮನ್ನು ಗಣಕದ ಸಂಸ್ಕಾರಕಕ್ಕೆ ಅರ್ಥವಾಗುವ ಯಂತ್ರಭಾಷೆಗೆ ತಿರುಗಿಸುವ ತಂತ್ರಾಂಶವೇ ಕಂಪೈಲರ್. ಅದೂ ಒಂದು ಪ್ರೋಗ್ರಾಮ್ ಆದ್ದರಿಂದ ಅದನ್ನೂ ಯಾವುದಾದರೊಂದು ಭಾಷೆಯಲ್ಲಿ ಬರೆಯಬೇಕು. ಅದು ತಿರುಗಿಸುವ ಭಾಷೆಯಲ್ಲೇ ಅದನ್ನು ಬರೆದರೆ ಅಂಥದನ್ನು ಸ್ವಾವಲಂಬಿ ಕಂಪೈಲರ್ ಎಂದು ಕರೆಯೋಣ. ಕೇಳಿದ ಕೂಡಲೇ ಇದು ಅಸಾಧ್ಯವೆನಿಸುತ್ತದೆ. ಕಂಪೈಲರನ್ನು ಕಂಪೈಲ್ ಮಾಡಲು ಅದೇ ಕಂಪೈಲರ್ ಬೇಕಲ್ಲ! ಆದರೆ ನಮ್ಮ ಅಡುಗೆಮನೆಗಳಲ್ಲಿ ದಿನವೂ ನಡೆಯುವುದು ಇದೇ. ಮೊಸರು ಮಾಡಲು ಹೆಪ್ಪು ಬೇಕು. ಹೆಪ್ಪು ಎಂದರೆ ನಿನ್ನೆಯ ಮೊಸರು. ಕುಲುಮೆಯ ಆಚಾರಿ ಹೊಸ ಇಕ್ಕಳವನ್ನು ಬಡಿಯುವಾಗ ಕೆಂಪಗೆ ಕಾದ ಕಬ್ಬಿಣವನ್ನು ಹಿಡಿದಿರುವುದು ಹಳೆಯ ಇಕ್ಕಳದಲ್ಲಿ. ಮೊದಲ ಇಕ್ಕಳಕ್ಕೆ ಏನು ಮಾಡಿದ ಎಂದು ಕೇಳಿದರೆ, ಹಸಿ ಕೋಲನ್ನೋ ಕಲ್ಲನ್ನೋ ಬಳಸಿ ಒಂದು ಒರಟು ಇಕ್ಕಳ ಮಾಡಿಕೊಂಡಿರಬೇಕು. ಅದರಿಂದ ಒಳ್ಳೆಯದೊಂದನ್ನು ಮಾಡಿಕೊಂಡ ಮೇಲೆ ಒರಟು ಇಕ್ಕಳದ ಕೆಲಸ ಮುಗಿಯಿತು.

ಗಣಕ ಭಾಷೆಗಳಲ್ಲಿ ಈ ಒರಟು ಇಕ್ಕಳದ ಕತೆಗಳು ಸೊಗಸಾಗಿವೆ. 1962ರಲ್ಲಿ ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಟಿಮ್ ಹಾರ್ಟ್ ಮತ್ತು ಮೈಕ್ ಲೆವಿನ್ ಲಿಸ್ಪ್ ಭಾಷೆಯ ಕಂಪೈಲರನ್ನು ಲಿಸ್ಪ್‌ನಲ್ಲೇ ಬರೆದರು. ಪ್ರೋಗ್ರಾಮನ್ನು ಸಾಲುಸಾಲಾಗಿ ಓದಿ ಆಗಲೇ ನಡೆಸುವ ಇಂಟರ್‌ಪ್ರಿಟರ್ ಎಂಬ ತಂತ್ರಾಂಶ ಲಿಸ್ಪ್‌ಗೆ ಮೊದಲೇ ಇತ್ತು. ಅದರೊಳಗೆ ಈ ಕಂಪೈಲರನ್ನು ಓಡಿಸಿ, ಅದಕ್ಕೆ ಅದರ ಪಠ್ಯವನ್ನೇ ಉಣಿಸಿದರು. ಹೆಪ್ಪು ಸಿದ್ಧವಾಯಿತು.

ಪಾಸ್ಕಲ್ ಭಾಷೆಯ ಕತೆ ಇನ್ನೂ ಬೋಧಪ್ರದ. ಸ್ವಿಟ್ಜರ್ಲೆಂಡಿನ ನಿಕ್ಲಾಸ್ ವಿರ್ತ್ (ಅವರು 2024ರ ಜನವರಿ 1ರಂದು ತೀರಿಕೊಂಡರು) 1969ರಲ್ಲಿ ತಮ್ಮ ಹೊಸ ಭಾಷೆಗೆ ಕಂಪೈಲರ್ ಮಾಡಿಸಲು ಹೊರಟಾಗ ಮೊದಲ ಪ್ರಯತ್ನ ನಡೆದದ್ದು ಫೋರ್ಟ್ರಾನ್‌ನಲ್ಲಿ. ಆಮೇಲೆ ಅದನ್ನು ಪಾಸ್ಕಲ್‌ಗೆ ಭಾಷಾಂತರಿಸುವುದೆಂದು ಯೋಜನೆ. ಅದು ಕೈಗೂಡಲಿಲ್ಲ. ಪಾಸ್ಕಲ್‌ಗೆ ಸಹಜವಾದ ದತ್ತರಚನೆಗಳೂ ತನ್ನನ್ನು ತಾನೇ ಕರೆದುಕೊಳ್ಳುವ ವಿಧಾನಗಳೂ ಆಗಿನ ಫೋರ್ಟ್ರಾನ್‌ನಲ್ಲಿ ಇರಲಿಲ್ಲ. ಫೋರ್ಟ್ರಾನ್‌ನ ಅಚ್ಚಿನಲ್ಲಿ ಎರಕ ಹೊಯ್ದದ್ದು ಪಾಸ್ಕಲ್‌ನ ಆಕಾರ ತಾಳಲಿಲ್ಲ. ಎರಡನೆಯ ಸಲ ವಿರ್ತ್ ಕಂಪೈಲರನ್ನು ಪಾಸ್ಕಲ್‌ನಲ್ಲೇ, ಅಂದರೆ ಇನ್ನೂ ಯಾವ ಯಂತ್ರವೂ ಓದಲಾರದ ಭಾಷೆಯಲ್ಲಿ, ಬರೆಸಿದರು. ಬಳಿಕ ಶಿಲ್ಡ್ ಎಂಬ ಸಹಾಯಕರನ್ನು ಎರಡು ವಾರ ಮನೆಗೆ ಅಟ್ಟಿದರಂತೆ. ಅವರು ಕುಳಿತು ಇಡೀ ಪಠ್ಯವನ್ನು ಕೈಯಿಂದಲೇ ಕೆಳಮಟ್ಟದ ಭಾಷೆಯೊಂದಕ್ಕೆ ತಿರುಗಿಸಿ ತಂದರು. 1970ರ ನಡುವಿನ ಹೊತ್ತಿಗೆ ಪಾಸ್ಕಲ್ ತನ್ನನ್ನು ತಾನು ಕಂಪೈಲ್ ಮಾಡಿಕೊಳ್ಳತೊಡಗಿತು. ಆ ಎರಡು ವಾರಗಳಲ್ಲಿ ಒಬ್ಬ ಮನುಷ್ಯನೇ ಕಂಪೈಲರ್ ಆಗಿದ್ದ!

ವಿರ್ತ್ ಇದರಿಂದ ಒಂದು ಕಟ್ಟುನಿಟ್ಟಿನ ನಿಯಮವನ್ನೂ ರೂಪಿಸಿಕೊಂಡರು. ಕಂಪೈಲರಿಗೆ ಹೊಸ ಸುಧಾರಣೆಯೊಂದನ್ನು ಸೇರಿಸಬೇಕೆ ಬೇಡವೆ ಎಂಬುದಕ್ಕೆ ಅವರ ಪರೀಕ್ಷೆ ಸರಳ. ಸೇರಿಸಿದ ಮೇಲೆ ಕಂಪೈಲರ್ ತನ್ನನ್ನು ತಾನು ಕಂಪೈಲ್ ಮಾಡಿಕೊಳ್ಳಲು ಹಿಂದಿಗಿಂತ ಕಡಿಮೆ ಸಮಯ ತೆಗೆದುಕೊಂಡರೆ ಸುಧಾರಣೆ ಉಳಿಯುತ್ತದೆ, ಇಲ್ಲವಾದರೆ ಕಸದ ಬುಟ್ಟಿಗೆ. ಭಾಷೆಯನ್ನು ಮಾಡಿದವನೇ ಅದರ ಮೊದಲ ಗಿರಾಕಿಯಾದಾಗ ಎಷ್ಟೋ ಮುಳ್ಳುಗಳು ಅವನ ಕಾಲಿಗೇ ಚುಚ್ಚಿ, ಹೊರಗಿನವರನ್ನು ಮುಟ್ಟುವ ಮೊದಲೇ ಕೀಳಲ್ಪಡುತ್ತವೆ. ಸ್ವಾವಲಂಬನೆಯ ಪರವಾಗಿ ಹೇಳಬಹುದಾದ ಅತ್ಯಂತ ಬಲವಾದ ಮಾತು ಇದು. ನಾನು ಇದನ್ನು ಒಪ್ಪುತ್ತೇನೆ.

ಆದರೆ ಭೌತಶಾಸ್ತ್ರದವನಿಗೆ ಇಲ್ಲೊಂದು ಅನುಮಾನ ಏಳದೆ ಇರದು. ಪ್ಯಾರಿಸ್ ಬಳಿ ಭದ್ರವಾಗಿ ಇಟ್ಟಿದ್ದ ಪ್ಲಾಟಿನಮ್-ಇರಿಡಿಯಮ್ ಉರುಳೆಯೇ 2019ರ ಮೇ 20ರವರೆಗೆ ಕಿಲೋಗ್ರಾಮಿನ ವ್ಯಾಖ್ಯೆಯಾಗಿತ್ತು. ಆ ಉರುಳೆಯ ರಾಶಿ ಎಷ್ಟು? ಒಂದು ಕಿಲೋಗ್ರಾಮ್. ಅದರ ಮೇಲೆ ಧೂಳು ಕುಳಿತರೂ ಒಂದು ಕಿಲೋಗ್ರಾಮ್, ಒರೆಸುವಾಗ ಸವೆದರೂ ಒಂದು ಕಿಲೋಗ್ರಾಮ್! ಅದು ತಪ್ಪುವುದು ವ್ಯಾಖ್ಯೆಯ ಪ್ರಕಾರವೇ ಸಾಧ್ಯವಿರಲಿಲ್ಲ. ಅದರ ಪ್ರತಿಗಳೊಡನೆ ಹೋಲಿಸಿ ನೋಡಿದಾಗ ಮಾತ್ರ ಸುಮಾರು ನೂರು ವರ್ಷಗಳಲ್ಲಿ 50 ಮೈಕ್ರೋಗ್ರಾಮಿನಷ್ಟು ವ್ಯತ್ಯಾಸ ಬೆಳೆದಿರುವುದು ತಿಳಿಯಿತು. ಕೊನೆಗೆ ಉರುಳೆಯನ್ನು ಕೈಬಿಟ್ಟು ಪ್ಲಾಂಕ್ ನಿಯತಾಂಕದ ಮೂಲಕ ಕಿಲೋಗ್ರಾಮನ್ನು ವ್ಯಾಖ್ಯಾನಿಸಿದರು. ತನ್ನನ್ನು ತಾನೇ ಅಳೆದುಕೊಳ್ಳುವ ವಸ್ತುವಿನ ತಪ್ಪು ಅದರೊಳಗಿನಿಂದ ಕಾಣುವುದಿಲ್ಲ.

ಸ್ವಾವಲಂಬಿ ಕಂಪೈಲರಿನ ಸ್ಥಿತಿಯೂ ಇದೇ. ಕಂಪೈಲರ್ ಎಂಬುದು ಒಂದು ವಿಚಿತ್ರ ಜಾತಿಯ ಪ್ರೋಗ್ರಾಮ್. ಅದು ಪಠ್ಯವನ್ನು ಓದುತ್ತದೆ, ವೃಕ್ಷಗಳನ್ನು ಕಟ್ಟುತ್ತದೆ, ಕೋಷ್ಟಕಗಳಲ್ಲಿ ಹುಡುಕುತ್ತದೆ. ದಶಮಾಂಶ ಲೆಕ್ಕ ಬಹಳ ಕಡಿಮೆ, ಚಿತ್ರ ಬಿಡಿಸುವುದಿಲ್ಲ, ಜಾಲದ ಮೂಲಕ ಯಾರೊಡನೆಯೂ ಮಾತಾಡುವುದಿಲ್ಲ. ಭಾಷೆಯೊಂದು ತನ್ನ ಕಂಪೈಲರನ್ನು ಚೆನ್ನಾಗಿ ಬರೆಯಬಲ್ಲುದಾದರೆ ಅದು ಕಂಪೈಲರ್ ಬರೆಯಲು ಒಳ್ಳೆಯ ಭಾಷೆ ಎಂದು ಸಿದ್ಧವಾಯಿತು. ಹವಾಮಾನದ ಲೆಕ್ಕಕ್ಕೆ, ಬ್ಯಾಂಕಿನ ವ್ಯವಹಾರಕ್ಕೆ, ಎಂಟನೆಯ ತರಗತಿಯ ಹುಡುಗಿಗೆ ಅದು ತಕ್ಕದ್ದೆ ಎಂಬುದು ಇದರಿಂದ ತಿಳಿಯುವುದಿಲ್ಲ. ಕಮ್ಮಾರನ ಇಕ್ಕಳ ಅವನ ಕೈಗೆ ಹಿಡಿಸಿತು ಎಂದ ಮಾತ್ರಕ್ಕೆ ಅವನು ಮಾಡಿದ ಕತ್ತಿ ಗೇರುಗುಡ್ಡದಲ್ಲಿ ಪೊದೆ ಸವರುವವಳ ಕೈಗೂ ಹಿಡಿಸೀತು ಎನ್ನಲಾಗದು.

ಗೂಗಲ್ ಸಂಸ್ಥೆಯಲ್ಲಿ ಹುಟ್ಟಿ 2009ರಲ್ಲಿ ಹೊರಬಂದ ಗೋ ಭಾಷೆಯ ಕರ್ತೃಗಳು ಇದನ್ನು ಸರಿಯಾಗಿ ಗ್ರಹಿಸಿದ್ದರು. ಅವರ ಮೊದಲ ಕಂಪೈಲರ್ ಇದ್ದದ್ದು ಸಿ ಭಾಷೆಯಲ್ಲಿ. 2015ರ ಆಗಸ್ಟಿನಲ್ಲಿ ಬಂದ 1.5ನೆಯ ಆವೃತ್ತಿಯಲ್ಲಷ್ಟೇ ಅದು ಗೋ ಭಾಷೆಗೆ ಬಂತು. ಈ ವಿಳಂಬದಿಂದ ಒಳ್ಳೆಯದೇ ಆಯಿತೆಂದು ಅವರು ಹೇಳಿಕೊಂಡಿದ್ದಾರೆ. ಮೊದಲಿನಿಂದಲೇ ಸ್ವಾವಲಂಬನೆಯ ಹಟ ಹಿಡಿದಿದ್ದರೆ ಭಾಷೆ ಕಂಪೈಲರ್ ಬರೆಯುವವರ ಕಡೆಗೆ ವಾಲುತ್ತಿತ್ತು. ಅವರಿಗೆ ಬೇಕಾಗಿದ್ದದ್ದು ಜಾಲದಲ್ಲಿ ಸೇವೆ ಒದಗಿಸುವ ಸರ್ವರ್‌ಗಳ ಭಾಷೆ.

ಟೈಪ್‌ಸ್ಕ್ರಿಪ್ಟ್‌ನದು ಇದಕ್ಕೆ ತಿರುವುಮುರುವಾದ ಪಯಣ. ಜಾಲಪುಟಗಳ ಭಾಷೆಯಾದ ಜಾವಾಸ್ಕ್ರಿಪ್ಟ್‌ಗೆ ಶಿಸ್ತು ತರಲೆಂದು ಮೈಕ್ರೋಸಾಫ್ಟ್ ಸಂಸ್ಥೆ 2012ರಲ್ಲಿ ಪ್ರಕಟಿಸಿದ ಈ ಭಾಷೆಯ ಕಂಪೈಲರನ್ನು ಅದೇ ಭಾಷೆಯಲ್ಲಿ ಬರೆದಿದ್ದರು. ಹತ್ತು ವರ್ಷಕ್ಕೂ ಮೇಲ್ಪಟ್ಟು ಅದು ಸ್ವಾವಲಂಬನೆಯ ಮಾದರಿಯಂತಿತ್ತು. 2025ರ ಮಾರ್ಚ್‌ನಲ್ಲಿ ಅದರ ಕರ್ತೃ ಆಂಡರ್ಸ್ ಹೈಲ್ಸ್‌ಬರ್ಗ್, ಕಂಪೈಲರನ್ನು ಗೋ ಭಾಷೆಗೆ ಒಯ್ಯುತ್ತಿರುವುದಾಗಿ ಪ್ರಕಟಿಸಿದರು. ಸುಮಾರು 15 ಲಕ್ಷ ಸಾಲುಗಳ ತಂತ್ರಾಂಶವೊಂದನ್ನು ಪರಿಶೀಲಿಸಲು ಹಳೆಯದು 77.8 ಸೆಕೆಂಡು ತೆಗೆದುಕೊಂಡರೆ ಹೊಸದು 7.5 ಸೆಕೆಂಡಿನಲ್ಲಿ ಮುಗಿಸಿತು. ಟೈಪ್‌ಸ್ಕ್ರಿಪ್ಟ್ ಕೆಟ್ಟ ಭಾಷೆಯಾಯಿತೆ? ಇಲ್ಲ. ಅದನ್ನು ಮಾಡಿದ್ದು ಜಾಲಪುಟಗಳಿಗೆ, ಲಕ್ಷಾಂತರ ಸಾಲುಗಳನ್ನು ಏಕಕಾಲಕ್ಕೆ ಅರೆಯುವ ಗಿರಣಿಗಲ್ಲ. ಗಿರಣಿಯ ಕೆಲಸಕ್ಕೆ ಗಿರಣಿಯ ಭಾಷೆಯನ್ನು ಆರಿಸಿದರು, ಅಷ್ಟೆ. ಮೂವತ್ತು ವರ್ಷ ದಾಟಿದ ಪೈಥಾನ್ ಭಾಷೆಯ ಮುಖ್ಯ ಇಂಟರ್‌ಪ್ರಿಟರ್ ಇಂದಿಗೂ ಸಿ ಭಾಷೆಯಲ್ಲಿದೆ. ಪೈಥಾನ್ ಬಳಸುವ ಜೀವವಿಜ್ಞಾನಿಗೆ, ಖಗೋಳಜ್ಞನಿಗೆ ಅದರಿಂದ ಯಾವ ಕೊರತೆಯೂ ಆಗಿಲ್ಲ.

ನಮ್ಮ ಭೌತವಿಜ್ಞಾನಿಗಳ ಹಳೆಯ ಸಂಗಾತಿ ಫೋರ್ಟ್ರಾನ್ 1957ರಲ್ಲಿ ಐಬಿಎಂ 704 ಯಂತ್ರಕ್ಕೆಂದು ಬಂದಾಗ ಅದರ ಕಂಪೈಲರ್ ಇದ್ದದ್ದು ಯಂತ್ರದ ಕೆಳಮಟ್ಟದ ಭಾಷೆಯಲ್ಲಿ. 1960ರ ದಶಕದಲ್ಲಿ ಐಬಿಎಂ ಫೋರ್ಟ್ರಾನ್‌ನಲ್ಲೇ ಬರೆದ ಫೋರ್ಟ್ರಾನ್ ಕಂಪೈಲರನ್ನೂ ಮಾಡಿತು. ಈಗ ನಮ್ಮ ಪ್ರಯೋಗಾಲಯಗಳಲ್ಲಿ ಉಚಿತವಾಗಿ ಸಿಗುವ ಜಿಫೋರ್ಟ್ರಾನ್ ಸಿ ಮತ್ತು ಸಿ ಪ್ಲಸ್ ಪ್ಲಸ್‌ನಲ್ಲಿದೆ. ಹೀಗೆ ಅತ್ತಿಂದಿತ್ತ ಹೋಗಿ ಬಂದದ್ದನ್ನು ಫೋರ್ಟ್ರಾನ್ ಬಳಸುವ ಯಾವ ಭೌತವಿಜ್ಞಾನಿಯೂ ಗಮನಿಸಿದಂತಿಲ್ಲ.

ಹೆಪ್ಪಿನ ಹೋಲಿಕೆಗೆ ಇನ್ನೊಂದು ಮುಖವಿದೆ. ಒಮ್ಮೆ ಹೆಪ್ಪು ಕೆಟ್ಟರೆ? ಹಾಲು ಎಷ್ಟೇ ಒಳ್ಳೆಯದಾಗಿರಲಿ, ನಾಳೆಯ ಮೊಸರೂ ಕೆಡುತ್ತದೆ, ನಾಡಿದ್ದಿನದೂ. ಯೂನಿಕ್ಸ್ ಕಾರ್ಯಾಚರಣ ವ್ಯವಸ್ಥೆಯ ಕರ್ತೃಗಳಲ್ಲೊಬ್ಬರಾದ ಕೆನ್ ಥಾಮ್ಸನ್ 1984ರಲ್ಲಿ ಪ್ರಕಟವಾದ ತಮ್ಮ ಟ್ಯೂರಿಂಗ್ ಪ್ರಶಸ್ತಿ ಉಪನ್ಯಾಸದಲ್ಲಿ ಇದನ್ನೇ ತೋರಿಸಿದರು. ಸಿ ಕಂಪೈಲರಿನಲ್ಲಿ ಒಂದು ಕಳ್ಳಬಾಗಿಲನ್ನು ಸೇರಿಸಿ, ಆ ಕಂಪೈಲರ್ ತನ್ನನ್ನು ತಾನು ಕಂಪೈಲ್ ಮಾಡುವಾಗ ಅದೇ ಬಾಗಿಲನ್ನು ಗುಟ್ಟಾಗಿ ಮತ್ತೆ ಕೂಡಿಸುವಂತೆ ಮಾಡಬಹುದು. ಬಳಿಕ ಮೂಲ ಪಠ್ಯದಿಂದ ಆ ಸಾಲುಗಳನ್ನು ಅಳಿಸಿಬಿಟ್ಟರೂ ಬಾಗಿಲು ಉಳಿಯುತ್ತದೆ. ಪಠ್ಯವನ್ನು ನೂರು ಬಾರಿ ಓದಿ, ಏನೂ ಸಿಗದು. ರೋಗ ಇರುವುದು ಹಾಲಿನಲ್ಲಲ್ಲ, ಹೆಪ್ಪಿನಲ್ಲಿ. ಇದಕ್ಕೆ ಡೇವಿಡ್ ವೀಲರ್ ಎಂಬ ತಜ್ಞರು 2005ರಲ್ಲಿ ವಿವರಿಸಿದ ಪರಿಹಾರವನ್ನು ನಮ್ಮ ಮನೆಗಳ ಹೆಂಗಸರು ತಾವಾಗಿಯೇ ಹೇಳಿಯಾರು: ಪಕ್ಕದ ಮನೆಯಿಂದ ಹೆಪ್ಪು ತನ್ನಿ. ಸ್ವತಂತ್ರವಾದ ಇನ್ನೊಂದು ಕಂಪೈಲರಿನಿಂದ ಅದೇ ಪಠ್ಯವನ್ನು ಕಂಪೈಲ್ ಮಾಡಿ, ಹಾಗೆ ಸಿಕ್ಕಿದ್ದರಿಂದ ಮತ್ತೊಮ್ಮೆ ಕಂಪೈಲ್ ಮಾಡಿ, ಫಲಿತಾಂಶವನ್ನು ಹೋಲಿಸಿ ನೋಡಬೇಕು. ಪ್ಯಾರಿಸ್ಸಿನ ಉರುಳೆಯ ಕತೆಯೇ ಇಲ್ಲೂ. ಸ್ವಾವಲಂಬಿ ಕಂಪೈಲರ್ ಎಷ್ಟು ನಂಬಿಗಸ್ತ ಎಂದು ತಿಳಿಯಬೇಕಾದರೆ ಪರಾವಲಂಬನೆ ಬೇಕು.

ಇನ್ನು ಕನ್ನಡದ ಮಾತಿಗೆ ಬರೋಣ. ಭಾಷೆಯ ಸಲಕರಣೆಯನ್ನು ಆ ಭಾಷೆಯಲ್ಲೇ ಮಾಡಬೇಕೆ ಎಂಬ ಚರ್ಚೆ ನಮಗೆ ಹೊಸದೇನಲ್ಲ; ಗಣಕ ಬರುವುದಕ್ಕೆ ನೂರಾರು ವರ್ಷ ಮೊದಲೇ ಅದು ನಡೆದಿದೆ. ವ್ಯಾಕರಣವೆಂಬುದು ಭಾಷೆಯ ಸಲಕರಣೆಯೇ ತಾನೆ? ಸರಿಯಾದ ವಾಕ್ಯವನ್ನು ತಪ್ಪಿನಿಂದ ಬೇರ್ಪಡಿಸುವ ನಿಯಮಗಳ ಗುಚ್ಛ ಅದು; ಕಂಪೈಲರಿನ ಮೊದಲರ್ಧ ಮಾಡುವುದೂ ಅದನ್ನೇ. ಎರಡನೆಯ ನಾಗವರ್ಮ ಕನ್ನಡಕ್ಕೆ ಎರಡು ವ್ಯಾಕರಣಗಳನ್ನು ಕೊಟ್ಟ. 'ಕಾವ್ಯಾವಲೋಕನ'ದ ಭಾಗವಾದ 'ಶಬ್ದಸ್ಮೃತಿ' ಕನ್ನಡದಲ್ಲಿದೆ, 'ಕರ್ಣಾಟಕ ಭಾಷಾಭೂಷಣ'ದ ಸೂತ್ರಗಳು ಸಂಸ್ಕೃತದಲ್ಲಿವೆ. ಕರ್ತೃ ಒಬ್ಬನೇ, ವಿಷಯ ಒಂದೇ, ಸಲಕರಣೆ ಎರಡು. 1260ರ ಸುಮಾರಿಗೆ ಕೇಶಿರಾಜ 'ಶಬ್ದಮಣಿದರ್ಪಣ'ವನ್ನು ಕಂದಪದ್ಯಗಳ ಸೂತ್ರಗಳಲ್ಲಿ, ಕನ್ನಡದ ವೃತ್ತಿಯೊಡನೆ ಬರೆದ. 1604ರಲ್ಲಿ ಭಟ್ಟಾಕಳಂಕ 'ಕರ್ಣಾಟಕ ಶಬ್ದಾನುಶಾಸನ'ವನ್ನು 592 ಸಂಸ್ಕೃತ ಸೂತ್ರಗಳಲ್ಲಿ ರಚಿಸಿದ; ವೃತ್ತಿ, ವ್ಯಾಖ್ಯಾನಗಳೂ ಸಂಸ್ಕೃತವೇ. ಸಾಹಿತ್ಯ ಚರಿತ್ರೆಕಾರರು ಅವನನ್ನು ಭಟ್ಕಳದ ಬಳಿಯ ಹಾಡುವಳ್ಳಿಯ ಜೈನಮಠದ ಪರಂಪರೆಗೆ ಸೇರಿಸುತ್ತಾರೆ. ಹಟ್ಟಿಯಂಗಡಿಯಂಥ ಹಳೆಯ ಬಸದಿಯ ಊರಿನವರಾದ ನಮಗೆ ಅವನು ನೆರೆಕರೆಯವನೇ ಸರಿ. ಕನ್ನಡ ಶಾಸ್ತ್ರಕ್ಕೆ ಒಗ್ಗದ ಆಡುಮಾತು ಎಂಬ ಆಕ್ಷೇಪವನ್ನು ಆತ ಬಲವಾಗಿ ಖಂಡಿಸಿದ. ಖಂಡಿಸಿದ್ದು ಮಾತ್ರ ಸಂಸ್ಕೃತದಲ್ಲಿ!

ಇದನ್ನು ವಿಪರ್ಯಾಸವೆಂದು ನಗುವ ಮೊದಲು ನೋಡಬೇಕು: ಅವನು ಆ ಗ್ರಂಥವನ್ನು ಯಾರಿಗಾಗಿ ಬರೆದ? ಕನ್ನಡವನ್ನು ಕೀಳಾಗಿ ಕಾಣುವ ಸಂಸ್ಕೃತ ಪಂಡಿತರಿಗಾಗಿ. ಅವರನ್ನು ಒಪ್ಪಿಸಲು ಅವರ ಶಾಸ್ತ್ರದ ಪರಿಭಾಷೆಯೇ ಬೇಕಿತ್ತು. ಆ ಕೆಲಸಕ್ಕೆ ಅವನ ಆಯ್ಕೆ ಸರಿಯಾಗಿಯೇ ಇದೆ. ಕೇಶಿರಾಜ ಬರೆದದ್ದು ಕನ್ನಡದಲ್ಲಿ ಕಾವ್ಯ ಓದುವವರಿಗೆ, ಬರೆಯುವವರಿಗೆ. ಅವನ ಒಳಯಂತ್ರ ಪೂರ್ತಿ ಸ್ವಂತದ್ದೇನೂ ಅಲ್ಲ. ಸಂಧಿ, ಸಮಾಸ, ತದ್ಧಿತ, ಆಖ್ಯಾತ ಎಂಬ ಚೌಕಟ್ಟು ಸಂಸ್ಕೃತ ವ್ಯಾಕರಣಗಳಿಂದ ಎರವಲು ಪಡೆದದ್ದೇ. ಈ ಕಾಲದ ರಸ್ಟ್ ಭಾಷೆಯ ಕಂಪೈಲರ್ 2011ರಿಂದ ರಸ್ಟ್‌ನಲ್ಲೇ ಇದ್ದರೂ ಕೊನೆಯ ಯಂತ್ರಭಾಷೆಯನ್ನು ಹೊರಡಿಸುವ ಅದರ ಹಿಂಬದಿ ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದ ಎಲ್‌ಎಲ್‌ವಿಎಮ್ ಆಗಿರುವಂತೆ. ಆದರೂ ಕನ್ನಡ ಬಲ್ಲವನೊಬ್ಬ ಕೇಶಿರಾಜನ ಸೂತ್ರವನ್ನು ಓದಿ, ಉದಾಹರಣೆಯೊಂದಿಗೆ ತಾಳೆ ನೋಡಿ, 'ಇದು ಸರಿಯಿಲ್ಲ' ಎಂದು ವಾದಿಸಬಹುದಿತ್ತು. ಭಟ್ಟಾಕಳಂಕನ ಸೂತ್ರದ ಎದುರು ನಿಂತು ಹಾಗೆ ಹೇಳಲು ಮೊದಲು ಸಂಸ್ಕೃತ ಕಲಿತು ಬರಬೇಕು. ನನ್ನ ಮಟ್ಟಿಗೆ ಪ್ರಶ್ನೆಯ ತಿರುಳು ಇಲ್ಲಿದೆ. ಸಲಕರಣೆಯನ್ನು ಬಳಸುವವನು ಅದನ್ನು ಬಿಚ್ಚಿ ನೋಡಿ ತಿದ್ದಬಲ್ಲನೆ? ಬಿಚ್ಚಿ ನೋಡುವ ಅಗತ್ಯ ಅವನಿಗೆ ಇದೆಯೆ? ಇದೆ ಎಂದಾದರೆ ಸಲಕರಣೆ ಅವನ ಭಾಷೆಯಲ್ಲಿರಬೇಕು. ಇಲ್ಲ ಎಂದಾದರೆ ಅದು ಯಾವ ಭಾಷೆಯಲ್ಲಿದ್ದರೂ ಒಂದೇ.

ಗೋ ಭಾಷೆಯಲ್ಲಿ ಕಂಪೈಲರ್ ಇದ್ದರೆ ಲಾಭವಿದೆ, ಏಕೆಂದರೆ ಗೋ ಬಳಸುವವರು ವೃತ್ತಿನಿರತ ತಂತ್ರಜ್ಞರು. ಕಂಪೈಲರಿನ ದೋಷವೊಂದನ್ನು ಕಂಡರೆ ಅವರಲ್ಲಿ ಒಬ್ಬನಾದರೂ ಅಂಗಿಯ ತೋಳು ಮಡಿಸುತ್ತಾನೆ. ಶಾಲೆಯ ಮಕ್ಕಳಿಗಾಗಿ ಮಾಡಿದ ಭಾಷೆಯ ಕತೆ ಬೇರೆ. ಡಾ. ಯು. ಬಿ. ಪವನಜ ಅವರು ಕನ್ನಡ ಲೋಗೋ ತಂದದ್ದು ನಮ್ಮ ಓದುಗರಲ್ಲಿ ಅನೇಕರಿಗೆ ನೆನಪಿರಬಹುದು. ಲೋಗೋ ಭಾಷೆಯನ್ನು ಸೀಮೋರ್ ಪ್ಯಾಪರ್ಟ್, ಸಿಂಥಿಯಾ ಸಾಲೊಮನ್, ವಾಲಿ ಫೋಯರ್ಜೈಗ್ ಮತ್ತಿತರರು 1967ರಲ್ಲಿ ಮಕ್ಕಳಿಗಾಗಿಯೇ ರೂಪಿಸಿದ್ದರು. ಅದರ ಮೊದಲ ರೂಪ ಬರೆದದ್ದು ಲಿಸ್ಪ್‌ನಲ್ಲಿ. ತೆರೆಯ ಮೇಲಿನ ಆಮೆಗೆ ಮುಂದೆ ಹೋಗು, ತಿರುಗು ಎಂದು ಆಜ್ಞೆ ಕೊಡುತ್ತ ಮಗು ಕೋನಗಳನ್ನೂ ಬಹುಭುಜಗಳನ್ನೂ ಕಲಿಯುತ್ತದೆ. ಪವನಜರು ಆ ಆಜ್ಞೆಗಳನ್ನು ಕನ್ನಡದಲ್ಲೇ ಕೊಡುವಂತೆ ಮಾಡಿದರು. ಭಾರತೀಯ ಭಾಷೆಗಳಲ್ಲಿ ಅದೊಂದು ಮುಂಗಾಣ್ಕೆಯ ಕೆಲಸ. ಒಳಗಿನ ಯಂತ್ರ ಕನ್ನಡ ಲೋಗೋದಲ್ಲಿ ಬರೆದದ್ದಲ್ಲ ಎಂದು ಅದನ್ನು ಹಳಿಯುವವರು ಆಮೆಯನ್ನು ಚೌಕದಲ್ಲಿ ನಡೆಸುತ್ತಿರುವ ಮಗುವಿನ ಮುಖವನ್ನು ನೋಡಿಲ್ಲ. ತಮಿಳಿನ ಎಳಿಲ್ ಭಾಷೆಯನ್ನು ಪೈಥಾನ್‌ನಲ್ಲಿ ಬರೆದಿದ್ದಾರೆ. ನೆದರ್ಲೆಂಡಿನ ಫೆಲಿನ್ ಹರ್ಮನ್ಸ್ 2020ರಲ್ಲಿ ಆರಂಭಿಸಿದ, ಹಲವು ಭಾಷೆಗಳಲ್ಲಿ ಕೀಲಿಪದಗಳನ್ನು ಬರೆಯಬಹುದಾದ ಹೆಡಿ ಭಾಷೆಯನ್ನೂ ಪೈಥಾನ್‌ನಲ್ಲೇ. ಇವು ಯಾವುವೂ ತಮ್ಮ ಗುರಿಯಲ್ಲಿ ಇದರಿಂದ ಸೋತಿಲ್ಲ.

ನನ್ನ ಆಕ್ಷೇಪ ಬೇರೆ ಕಡೆಗಿದೆ. ಕನ್ನಡದ ಗಣಕ ಭಾಷೆ ಎಂದರೆ ಕೀಲಿಪದಗಳ ಅನುವಾದ ಎಂದು ಬಹಳ ಮಂದಿ ತಿಳಿದಿದ್ದಾರೆ. ಪೈಥಾನ್‌ನಲ್ಲಿ ಇರುವ ಕೀಲಿಪದಗಳು 35. ಒಂದು ಭಾನುವಾರ ಮಧ್ಯಾಹ್ನ ಕುಳಿತರೆ ಅನುವಾದ ಮುಗಿಯುತ್ತದೆ. ಇಂಗ್ಲಿಷ್ ಬಾರದ ವಿದ್ಯಾರ್ಥಿಯೂ 35 ಪದಗಳನ್ನು ಚಿತ್ರಗಳಂತೆ ನೆನಪಿಟ್ಟುಕೊಳ್ಳುತ್ತಾನೆ. ಅವನು ಎಡವುವುದು ಅಲ್ಲಿ ಅಲ್ಲ. ಪ್ರೋಗ್ರಾಮ್ ತಪ್ಪಾದಾಗ ತೆರೆಯ ಮೇಲೆ ಮೂಡುವ ದೋಷಸಂದೇಶದ ಎದುರು ಅವನು ಕಲ್ಲಾಗುತ್ತಾನೆ. ಪ್ರಯೋಗಾಲಯದಲ್ಲಿ ನಾನು ಗಮನಿಸಿದಂತೆ, ಕನ್ನಡ ಮಾಧ್ಯಮದಿಂದ ಬಂದವರು ಆ ಸಂದೇಶವನ್ನು ಓದುವುದೇ ಇಲ್ಲ. ಕೆಂಪು ಅಕ್ಷರ ಕಂಡ ಕೂಡಲೇ ಕೈಯೆತ್ತುತ್ತಾರೆ. ಸಾಲು ಹನ್ನೆರಡರಲ್ಲಿ ಆವರಣ ಚಿಹ್ನೆ ಮುಚ್ಚಿಲ್ಲ ಎಂದು ಕನ್ನಡದಲ್ಲಿ ಹೇಳುವ ಸಣ್ಣ ಸಲಕರಣೆಯೊಂದು, ಕನ್ನಡದಲ್ಲಿ ಬರೆದ ಇಡೀ ಕಂಪೈಲರಿಗಿಂತ ಅವರಿಗೆ ಹೆಚ್ಚು ಉಪಕಾರ ಮಾಡೀತು. ಅದನ್ನು ಪೈಥಾನ್‌ನಲ್ಲಿ ಬರೆದರೂ ಆದೀತು, ರಸ್ಟ್‌ನಲ್ಲಿ ಬರೆದರೂ ಆದೀತು.

ಬರೆಯುವವನಿಗೆ ಕನ್ನಡದ ಒಳಗು ಗೊತ್ತಿರಬೇಕು ಎಂಬುದು ಮಾತ್ರ ಬಿಡಲಾಗದ ಷರತ್ತು. ಇದಕ್ಕೆ ನಮ್ಮ ಕರಾವಳಿಯವರೇ ಆದ ಕೆ. ಪಿ. ರಾವ್ ಅವರ ಕೀಲಿಮಣೆಯನ್ನು ಬಿಟ್ಟು ಬೇರೆ ಸಾಕ್ಷಿ ಬೇಕಿಲ್ಲ. ಮಂಗಳೂರಿನ ಬಳಿಯ ಕಿನ್ನಿಕಂಬಳದ ರಾವ್ ಅವರು ಮುದ್ರಣದ ಅಚ್ಚುಜೋಡಣೆಯ ತಂತ್ರಜ್ಞಾನದಲ್ಲಿ ಪಳಗಿದವರು. ಕನ್ನಡದ ಗುಣಿತಾಕ್ಷರ, ಒತ್ತಕ್ಷರಗಳೆಲ್ಲ ಸೇರಿ ಸಾವಿರಾರು ಆಕಾರಗಳಾಗುತ್ತವೆ. ಅವನ್ನೆಲ್ಲ ಕೀಲಿಗಳಿಗೆ ಹಂಚುವ ಬದಲು ಅವರು ಅಕ್ಷರ ಹುಟ್ಟುವ ನಿಯಮವನ್ನೇ ತಂತ್ರಾಂಶದೊಳಗೆ ಇಟ್ಟರು. ವ್ಯಂಜನದ ಮುಂದೆ ಸ್ವರದ ಕೀಲಿ ಒತ್ತಿದರೆ ಅದು ತಾನಾಗಿ ಗುಣಿತದ ಚಿಹ್ನೆಯಾಗುತ್ತದೆ. ಎರಡು ವ್ಯಂಜನಗಳ ನಡುವೆ ಕೊಂಡಿಯ ಕೀಲಿ ಒತ್ತಿದರೆ ಎರಡನೆಯದು ಒತ್ತಕ್ಷರವಾಗುತ್ತದೆ. ಇಂಗ್ಲಿಷಿನ 26 ಅಕ್ಷರಗಳ ಕೀಲಿಗಳೊಳಗೆ ಕನ್ನಡ ಅಡಕವಾಯಿತು. ಹೀಗೆ ಮಾಡಿದ ತಂತ್ರಾಂಶಕ್ಕೆ ಅವರು ಇಟ್ಟ ಹೆಸರು 'ಸೇಡಿಯಾಪು', ಕನ್ನಡದ ಛಂದಸ್ಸು ಭಾಷಾಶಾಸ್ತ್ರಗಳ ಪಂಡಿತ ಸೇಡಿಯಾಪು ಕೃಷ್ಣಭಟ್ಟರ ನೆನಪಿಗೆ. ಮುಂದೆ ನುಡಿ, ಬರಹ ತಂತ್ರಾಂಶಗಳ ಮೂಲಕ ಅದೇ ವಿನ್ಯಾಸ ರಾಜ್ಯದ ಕಚೇರಿಕಚೇರಿಗೆ ಹಬ್ಬಿತು. ಆ ತಂತ್ರಾಂಶವನ್ನು ಯಾವ ಗಣಕ ಭಾಷೆಯಲ್ಲಿ ಬರೆದಿದ್ದರು ಎಂದು ಅದನ್ನು ಬಳಸುವ ಗುಮಾಸ್ತರಾಗಲಿ ಕವಿಗಳಾಗಲಿ ಒಮ್ಮೆಯೂ ಕೇಳಲಿಲ್ಲ. ಅದರ ತರ್ಕ ಕನ್ನಡದ್ದು. ಅಷ್ಟು ಸಾಕಿತ್ತು.

ಅದಿಲ್ಲದಾಗ ಏನಾಗುತ್ತದೆ ಎಂದು ನೋಡಲು ದೂರ ಹೋಗಬೇಕಾಗಿಲ್ಲ. 2008ರಲ್ಲಿ ಬಂದ ಪೈಥಾನ್ 3ರಿಂದ ಈಚೆಗೆ ಚರಪದಗಳ ಹೆಸರನ್ನು ಕನ್ನಡದಲ್ಲಿ ಬರೆಯಬಹುದು. 'ವೇಗ', 'ಕಾಲ', 'ದೂರ' ಎಂದು ಹೆಸರಿಟ್ಟು ಚಲನೆಯ ಸಮೀಕರಣಗಳನ್ನು ಬರೆದು ತೋರಿಸಿದರೆ ಮಕ್ಕಳು ಹಿಗ್ಗುತ್ತಾರೆ. 'ಮೀಟರ್‌ಗಳು' ಎಂದು ಹೆಸರಿಟ್ಟು ನೋಡಿ, ಪೈಥಾನ್ ಮುನಿಸಿಕೊಳ್ಳುತ್ತದೆ. ಕಾರಣ, 'ರ್' ಎಂಬ ಅರ್ಧಾಕ್ಷರದ ಪಕ್ಕದಲ್ಲಿ 'ಗ' ಒತ್ತಾಗದೆ ಬಿಡಿಯಾಗಿ ನಿಲ್ಲಲು ನಾವು ಕಣ್ಣಿಗೆ ಕಾಣದ ಒಂದು ಯೂನಿಕೋಡ್ ಗುರುತನ್ನು ನಡುವೆ ಇಡುತ್ತೇವೆ. ಹೆಸರುಗಳಲ್ಲಿ ಆ ಗುರುತಿಗೆ ಪೈಥಾನ್‌ನ ನಿಯಮದಲ್ಲಿ ಜಾಗವಿಲ್ಲ. ಗುರುತನ್ನು ತೆಗೆದರೆ ಅದು 'ಮೀಟರ್ಗಳು' ಆಗುತ್ತದೆ. ಪ್ರೋಗ್ರಾಮ್ ಓಡುತ್ತದೆ, ಕನ್ನಡ ಕುಂಟುತ್ತದೆ. ಅಂಕಿಗಳ ಕತೆಯೂ ಹೀಗೆಯೇ. ಕೀಲಿಮಣೆಯಿಂದ ಪಠ್ಯವಾಗಿ ಪಡೆದ '೧೨೩' ಎಂಬುದನ್ನು ಪೂರ್ಣಾಂಕಕ್ಕೆ ಪರಿವರ್ತಿಸು ಎಂದರೆ ಪೈಥಾನ್ ಸರಿಯಾಗಿ 123 ಎನ್ನುತ್ತದೆ. ಅದೇ ಅಂಕಿಗಳನ್ನು ಪ್ರೋಗ್ರಾಮಿನೊಳಗೆ ನೇರವಾಗಿ ಬರೆದರೆ ದೋಷವೆನ್ನುತ್ತದೆ. ಇವು ಯಾರದೋ ದ್ವೇಷದಿಂದ ಆದವಲ್ಲ. ಈ ಸಲಕರಣೆಗಳನ್ನು ಮಾಡಿದವರು ಕನ್ನಡದಲ್ಲಿ ಒಂದು ಪ್ರೋಗ್ರಾಮನ್ನೂ ಬರೆದು ನೋಡಿರಲಿಲ್ಲ, ಅವರ ಕಾಲಿಗೆ ಆ ಮುಳ್ಳು ಚುಚ್ಚಿರಲಿಲ್ಲ. ವಿರ್ತ್ ತಮ್ಮ ಕಂಪೈಲರಿನಿಂದ ಪಡೆದ ಲಾಭ ಇಲ್ಲಿ ಯಾರಿಗೂ ದಕ್ಕಲಿಲ್ಲ. ಕನ್ನಡದ ಗಣಕ ಭಾಷೆಯನ್ನು ಮಾಡಹೊರಟವರು ಕಂಪೈಲರನ್ನು ಯಾವುದರಲ್ಲಿ ಬೇಕಾದರೂ ಬರೆಯಲಿ. ಆದರೆ ತಮ್ಮ ಮನೆಯ ಲೆಕ್ಕ, ಮಕ್ಕಳ ಅಂಕಪಟ್ಟಿ, ಪತ್ರಿಕೆಯ ಅಕಾರಾದಿ ಸೂಚಿ ಇವನ್ನು ವರ್ಷವಿಡೀ ಆ ಭಾಷೆಯಲ್ಲೇ ಮಾಡಿ ನೋಡಲಿ. ಹಾಗೆ ಮಾಡದೆ ಬಿಡುಗಡೆ ಸಮಾರಂಭ ಮಾಡಿದ ಭಾಷೆಯನ್ನು ತರಗತಿಗೆ ಒಯ್ಯಲು ನಾನಂತೂ ಸಿದ್ಧನಿಲ್ಲ.

ಶಿಕ್ಷಕರು ತರಗತಿಯಲ್ಲಿ ಮಾಡಿಸಬಹುದಾದ ಒಂದು ಅಭ್ಯಾಸವಿದೆ. 'ವಿಜ್ಞಾನ' ಎಂಬ ಪದದಲ್ಲಿ ಎಷ್ಟು ಅಕ್ಷರಗಳಿವೆ ಎಂದು ಮಕ್ಕಳನ್ನು ಕೇಳಿ. ವಿ, ಜ್ಞಾ, ನ: ಮೂರು ಎನ್ನುತ್ತಾರೆ. ಪೈಥಾನ್‌ನಲ್ಲಿ ಆ ಪದದ ಉದ್ದ ಕೇಳಿದರೆ 7 ಎಂದು ಉತ್ತರ ಬರುತ್ತದೆ. ವ, ಗುಡಿಸು, ಜ, ಕೊಂಡಿ, ಞ, ದೀರ್ಘ, ನ ಎಂದು ಅದು ಎಣಿಸಿದೆ. ಪದವನ್ನು ತಿರುಗಿಸಿ ಬರೆ ಎಂದರೆ ನಾವು 'ನಜ್ಞಾವಿ' ಎಂದು ಬರೆಯುತ್ತೇವೆ; ಪೈಥಾನ್ 'ನಾಞ್ಜಿವ' ಎಂದು ಬರೆದು ಕೊಡುತ್ತದೆ. ಈಗ ಕನ್ನಡದ ಯಾವುದೇ ಪದವನ್ನು ಕೊಟ್ಟರೂ ಅಕ್ಷರಗಳನ್ನು ನಾವು ಎಣಿಸುವಂತೆಯೇ ಎಣಿಸುವ ಪ್ರೋಗ್ರಾಮ್ ಬರೆಯಲು ಹೇಳಿ. ವ್ಯಂಜನ, ಸ್ವರಚಿಹ್ನೆ, ಕೊಂಡಿ, ಅನುಸ್ವಾರ, ವಿಸರ್ಗ ಇಷ್ಟನ್ನು ವಿಂಗಡಿಸಿ ಬರೆದುಕೊಂಡರೆ ಇಪ್ಪತ್ತು ಸಾಲುಗಳಲ್ಲಿ ಮುಗಿಯುತ್ತದೆ. 'ಕರ್ನಾಟಕ', 'ಸ್ವಾತಂತ್ರ್ಯ', 'ಮೀಟರ್‌ಗಳು', 'ಬಸ್' ಎಂಬ ನಾಲ್ಕು ಪದಗಳ ಮೇಲೆ ಪರೀಕ್ಷಿಸಿ. ಕೊನೆಯದಕ್ಕೆ ಉತ್ತರ ಒಂದೋ ಎರಡೋ ಎಂದು ತರಗತಿಯಲ್ಲಿ ಜಗಳವಾಗುತ್ತದೆ. ಆಗಲಿ. ಜಗಳ ಜೋರಾದರೆ ಗ್ರಂಥಾಲಯದಿಂದ ಶಬ್ದಮಣಿದರ್ಪಣವನ್ನು ತರಿಸಿ. ಕೇಶಿರಾಜನೂ ಅಕ್ಷರದ ವಿಚಾರದಿಂದಲೇ ಆರಂಭಿಸುತ್ತಾನೆ.